ಸೊಪ್ಪಿನ ಹೆಪ್ಪು

ಹಳ್ಳದ ಮೊಣಕಾಲುದ್ದ ನೀರಿನಲ್ಲಿ ನಿಂತು ಗುರುಸಿದ್ದಮ್ಮ ಬಿಲ್ವಪತ್ರೆ ತೊಳೆಯುತ್ತಿದ್ದಳು. ಮೂರನೆಯ ಕುಕ್ಕೆ. ತೀರಿಕೊಂಡ ಅತ್ತೆ ಚನ್ನಾಜಮ್ಮನನ್ನು ಕೂರಿಸಿ ಮಣ್ಣು ಮಾಡುವ ಗುಣಿಗೆ ಇನ್ನೆರಡು ಬೇಕೆಂದು ಅಯ್ಯನವರು ಹೇಳಿಕಳಿಸಿದ್ದರು. ತೊಳೆಯುತ್ತಲೇ ಅವಳ ಎಡಗೈ ಪಕ್ಕದ ಮಡುವಿಗಿಳಿದು, ಗದ್ದೆ ಗೊಬ್ಬರಕ್ಕೆಂದು ಕಲ್ಲು ಹೇರಿ ಮುಳುಗಿಸಿದ್ದ ಹೊಂಗೆಸೊಪ್ಪನ್ನು ಮುಟ್ಟಿ ನೋಡಿತು. ಇನ್ನೂ ಬಿರುಸು. ಅದಕ್ಕೆ ಹೆಪ್ಪು ಇಕ್ಕುವ ಮೊದಲೇ ಅತ್ತೆ ಕಾಯಿಲೆ ಬಿದ್ದು ಮಲಗಿಬಿಟ್ಟಿದ್ದಳು.

"ಬೇಗ ಬಾರವ್ವ! ನಮ್ಮಕ್ಕ ಆಗ್ಲೇ ಎದ್ದು ಕುಂತವ್ಳೆ, ನೀನಿನ್ನೂ ಸೊಪ್ಪು ತೊಳೀತಿದ್ದೀಯ" ಎಂದು ದಡದಿಂದ ಮುತ್ತಯ್ಯ ಕೂಗಿದ. ಸತ್ತವಳ ತಮ್ಮ, ಆಗ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲದಿಂದ ಗಡಿ ದಾಟಿ ಗಾಡಿ ಕಟ್ಟಿಕೊಂಡು ಬಂದಿದ್ದ.

ನಡುಮನೆಯಲ್ಲಿ ಚನ್ನಾಜಮ್ಮ ಗೋಡೆಗೊರಗಿ ಕೂತಿದ್ದಳು, ಹಣೆ ತುಂಬ ವಿಭೂತಿ. ಮುತ್ತಯ್ಯ ಕಣ್ಣೊರೆಸಿಕೊಂಡ. "ಹಾಲಿಗೆ ಹೆಪ್ಪು ಇಕ್ಕೋದ ಮರೆತ್ರೂ ಸೊಪ್ಪಿಗೆ ಇಕ್ಕೋದ ಮರೀತಿರ್ನಿಲ್ಲ ಇವ್ಳು."

"ಅದ್ಯಾವ ಮಾಟವೋ ಮಾವ" ಎಂದಳು ಹಿರಿಸೊಸೆ ಮಹಾಲಕ್ಷ್ಮಮ್ಮ. "ನಾನೂ ಒಂದ್ವರ್ಸ ಕಟ್ಟೆ ನೀರಲ್ಲಿ ನೆನಾಕ್ದೆ. ನಾತ ಒಡೆದು ಪೈರೆಲ್ಲ ಕರಗೋಯ್ತು."

"ಆ ನಾತಕ್ಕೆ ಮೂರು ದಿನ ನಿನ್ ಗಂಡ ಜಗಲೀಲೇ ಮಲಗ್ದನಂತಲ್ಲ!" ಎಂದ ಮುತ್ತಯ್ಯ.

ಅಳುತ್ತಿದ್ದ ಹೆಂಗಸರು ನಗು ತಡೆಯಲು ಸೆರಗು ಕಚ್ಚಿಕೊಂಡರು.

*

ಐದು ವರ್ಷದ ಹಿಂದೆ, ಗುರುಸಿದ್ದಮ್ಮನ ಗಂಡ ಮಾದಸ್ವಾಮಿ ಚಳಿಜ್ವರದಲ್ಲಿ ಹೋಗಿ ಹನ್ನೊಂದು ದಿನವಾಗಿತ್ತು. ಬೆಟ್ಟದಿಂದಿಳಿಯುವ ಈ ಹಳ್ಳಕ್ಕೆ ಅತ್ತೆ ಅವಳನ್ನು ಕರೆತಂದಿದ್ದಳು. ದಡದ ಮರದ ಬೇರಿನ ಸಂದಿಗೆ ಕೈ ಹಾಕಿ, ಹೋದ ವರ್ಷದ್ದೊಂದು ಹಿಡಿ ಎಲೆ ತೆಗೆದಳು. ಕಂದು ಮಚ್ಚೆಯ, ತೊಗಲಿನಷ್ಟು ಮೆತ್ತನೆಯ ಎಲೆ. ನಾರುತ್ತಿರಲಿಲ್ಲ, ಹಸಿಮಣ್ಣಿನ ವಾಸನೆ.

"ಇದ್ರೊಳಗೆ ಕಣ್ಗೆ ಕಾಣದ ಬೂಷ್ಟು ಅದೆ ಕಣವ್ವ. ಅದು ಎಲೆ ಒಳಕ್ಕೋಗಿ ಮೆತ್ತಗೆ ಮಾಡ್ದೆ ಓದ್ರೆ ನೀರಿನ ಉಳಾನೂ ಬಾಯಿಕ್ಕಾಕಿಲ್ಲ. ನಿಂತ ನೀರಲ್ಲಿ ಅದು ಬದುಕಾಕಿಲ್ಲ, ಹರಿಯೋ ನೀರೇ ಆಗ್ಬೇಕು." ಆ ಹಳೆಯ ಎಲೆಗಳನ್ನು ಹೆಪ್ಪಿನಂತೆ ಹೊಸ ಸೊಪ್ಪಿನ ನಡುವೆ ಇಟ್ಟು, ಬಂಡೆಯ ಬುಡದಲ್ಲಿ ಸುತ್ತುತ್ತಿದ್ದ ನೊರೆಯನ್ನು ಬೊಗಸೆಯಲ್ಲಿ ಎತ್ತಿ ಮೇಲೆ ಸುರಿದಳು. "ಇದ್ರಲ್ಲೂ ಅದ್ರ ಬೀಜ ಅದೆ ಅಂತಿದ್ಳು ನಮ್ಮವ್ವ."

ಆಮೇಲೆ ತಿರುಗಿ ನೋಡದೆ ಹೇಳಿದ್ದಳು: "ದೊಡ್ ಸೊಸೆಗೆ ಏಳ್ಬ್ಯಾಡ. ಇದು ನಿನ್ ಕೈಲಿರೋಗಂಟ ಈ ಮನೇಲಿ ನಿಂಗೆ ಅನ್ನ ಅದೆ."

*

ಗುಣಿಯಲ್ಲಿ ಪತ್ರೆ ಅತ್ತೆಯ ಎದೆಯವರೆಗೂ ಬಂತು, ಆಮೇಲೆ ಮಣ್ಣು. ಎಲ್ಲರೂ ಮನೆಗೆ ಬಂದು ಕಾಲು ತೊಳೆದರು.

ಭಾವ ಪುಟ್ಟಮಾದಪ್ಪ, ಮಹಾಲಕ್ಷ್ಮಮ್ಮನ ಗಂಡ, ಗುರುಸಿದ್ದಮ್ಮನ ಕಡೆ ನೋಡದೆ ಜಗಲಿಯ ಕಂಬಕ್ಕೆ ಹೇಳುವವನಂತೆ ಹೇಳಿದ. "ಮಾವನ ಗಾಡಿ ಮಾಂಬಳ್ಳಿ ಮೇಲೇ ಓಯ್ತದೆ. ಅವ್ಳು ಅವ್ಳಣ್ಣನ ಮನೇಲಿ ಇಳ್ಕಳ್ಲಿ. ಅವ್ವ ಇದ್ಳು, ಅದಕ್ಕೆ ಇವ್ಳೂ ಇದ್ಳು."

"ಇವತ್ತೇ ಏನ್ಲಾ? ಮೂರ್ದಿನದ ಕಾರ್ಯ ಮುಗೀಲಿ" ಎಂದ ಮುತ್ತಯ್ಯ.

"ಮತ್ತೆ ಗಾಡಿ ಯಾರು ಕಟ್ತಾರೆ ಮಾವ?"

ಅಣ್ಣನ ಮನೆಯಲ್ಲಿ ಹೋದ ಹಬ್ಬದಲ್ಲಿ ಅತ್ತಿಗೆ ಅವಳಿಗೆ ದನ ಕಟ್ಟುವ ಹಟ್ಟಿಯ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟಿದ್ದಳು.

ಮಹಾಲಕ್ಷ್ಮಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. "ಓಗೋದ್ರೊಳಗೆ ಆ ಹೆಪ್ಪು ಯಾವುದು ಅಂತ ತೋರಿಸ್ಬುಡವ್ವ. ಸೊಪ್ಪು ಅಂಗೇ ಬಿದ್ದದೆ, ನಾಟಿ ಅತ್ರ ಬಂತು."

ನಾನೇ ಇದ್ದು ಮಾಡಿಕೊಡುತ್ತೇನೆ ಎಂಬ ಮಾತು ಗುರುಸಿದ್ದಮ್ಮನ ಗಂಟಲವರೆಗೂ ಬಂತು. ಅಷ್ಟರಲ್ಲಿ ಬಾಗಿಲಾಚೆ ಅವಳ ತಗಡಿನ ಪೆಟ್ಟಿಗೆ ಕಂಡಿತು. ಅವಳು ಗುಣಿಯ ಹತ್ತಿರ ಇದ್ದಾಗಲೇ ಯಾರೋ ಹೊರಗಿಟ್ಟಿದ್ದರು. ಹೇಳಿದರೂ ಹೋಗಬೇಕು, ಹೇಳದಿದ್ದರೂ ಹೋಗಬೇಕು. ಅತ್ತೆಯ ಲೆಕ್ಕ ತಪ್ಪಿತ್ತು. ಇನ್ನು ಇದನ್ನು ಯಾರಿಗೂ, ಮಾಂಬಳ್ಳಿಯಲ್ಲೂ, ಕೊಡುವುದಿಲ್ಲವೆಂದು ಅವಳು ಆ ಹೊಸ್ತಿಲಲ್ಲೇ ನಿಶ್ಚಯಿಸಿದಳು.

"ಅತ್ತೆ ನಂಗೆ ಒಂದಿನವೂ ತೋರಿಸ್ನಿಲ್ಲ ಅಕ್ಕ."

"ಬುಡು ಅತ್ಲಾಗಿ" ಎಂದ ಪುಟ್ಟಮಾದಪ್ಪ. "ಈ ಸಲ ಸೀಮೆಗೊಬ್ಬರ ತಂದ್ರಾಯ್ತು. ಆ ಕೊಳೆ ಯಾರಿಗೆ ಬೇಕು?"

ಅವಳು ಅಂಗಳಕ್ಕಿಳಿದಳು. ಗಾಡಿಯಲ್ಲಿ ಹುಲ್ಲು ಹಾಸಿಯಾಗಿತ್ತು. ಪೆಟ್ಟಿಗೆಗೂ ಎತ್ತಿನ ಮೇವಿಗೂ ನಡುವೆ, ಒಬ್ಬಳು ಮೊಣಕಾಲು ಮಡಚಿ ಕೂರುವಷ್ಟು ಜಾಗ ಬಿಟ್ಟಿದ್ದರು.