ತವರಿನ ಎಲೆಅಡಿಕೆ

ಅಣ್ಣ ರುದ್ರಯ್ಯ ಎಲೆಅಡಿಕೆ ತಟ್ಟೆಯನ್ನು ತಂಗಿ ಸರಸಮ್ಮನ ಮುಂದಕ್ಕೆ ತಳ್ಳಿದ. ತವರಿನ ಹೊಸಿಲು ತುಳಿದು ವರ್ಷಗಳೇ ಆಗಿದ್ದವು. ಈಗ ಮಗಳು ರೂಪಶ್ರೀಯ ಲಗ್ನಪತ್ರಿಕೆ ಹಿಡಿದು ಬಂದಿದ್ದಳು. ಸೋದರಮಾವನಿಲ್ಲದೆ ಹೆಣ್ಣನ್ನು ಹಸೆಮಣೆಗೆ ಕರೆತರುವವರು ಯಾರು? ಕೊಟ್ಟ ಎಲೆಅಡಿಕೆ ಹಾಕಿಕೊಂಡರೆ ರಾಜಿ, ಹಾಕಿಕೊಳ್ಳದಿದ್ದರೆ ಹಗೆ. ಅದು ಆ ಮನೆಯ ಕಟ್ಟಳೆ.

ಹಾಕಿಕೊಳ್ಳುವುದು ಹೇಗೆ? ಹೊಳೆನರಸೀಪುರದ ಫಿಸಿಯೋಥೆರಪಿಸ್ಟ್ ಮಾನಸಾ ಕಡ್ಡಿ ಮುರಿದಂತೆ ಹೇಳಿದ್ದಳು: "ಅಮ್ಮಾ, ನಿಮ್ಮ ತಲೆನೋವು ಶುರುವಾಗೋದೇ ಕತ್ತಿನಿಂದ. ದವಡೇನೂ ಬಿಗಿದಿದೆ. ವ್ಯಾಯಾಮ ಬಿಡಬೇಡಿ, ಅಡಿಕೆ ಮುಟ್ಟಲೇಬೇಡಿ."

ನೋವು ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅನ್ನುತ್ತೀರಿ. ಅಯ್ಯೋ, ಜಗಳ ಹತ್ತಿದ್ದೇ ಆ ಮಾತಿನಿಂದ. ಅಣ್ಣನ ಗೃಹಪ್ರವೇಶದ ದಿನ ತಲೆನೋವೆಂದು ಈಕೆ ಮಲಗಿಬಿಟ್ಟಿದ್ದಳು. ಅರಕಲಗೂಡಿನಿಂದ ಕಟ್ಟಾಯಕ್ಕೆ ಬರಲಾಗದಂಥ ತಲೆನೋವು ಯಾವುದು, ಎಲ್ಲ ಹೊಟ್ಟೆಕಿಚ್ಚು ಎಂದು ರುದ್ರಯ್ಯ ನೆಂಟರ ಮುಂದೆಲ್ಲ ಆಡಿದ್ದ. ಈಗ ದವಡೆನೋವು ಅಂದರೆ ಮುಗಿಯಿತು ಕಥೆ.

"ತಗಳವ್ವಾ," ಎಂದ ರುದ್ರಯ್ಯ. ಅವನ ಬಾಯಿ ಆಗಲೇ ಕೆಂಪಾಗಿತ್ತು.

ಸರಸಮ್ಮ ಎಲೆಗೆ ಸುಣ್ಣ ಹಚ್ಚಿದಳು. ಹಚ್ಚುತ್ತಲೇ ಇದ್ದಳು.

"ಎಲೆ ತೂತಾಯ್ತದೆ. ಮನಸಿಲ್ದಿದ್ರೆ ಹೇಳ್ಬುಡು. ಪತ್ರಿಕೆ ಅಲ್ಲೇ ಐತೆ, ತಗಂಡು ಓಗು."

ಅತ್ತಿಗೆ ಶಾಂತಕುಮಾರಿ ಅಡುಗೆಮನೆ ಬಾಗಿಲಲ್ಲೇ ನಿಂತಳು. ಸರಸಮ್ಮನಿಗೆ ರೇಗಿಹೋಯಿತು. ಹಾಳಾಗಿ ಹೋಗಲಿ ಈ ದವಡೆ ಎಂದುಕೊಂಡು ಅಡಿಕೆ ಬಾಯಿಗೆ ಹಾಕಿ ಕಚ್ಚಿಯೇಬಿಟ್ಟಳು.

ಕಟಕ್ಕೆಂದ ಸದ್ದು ಅಣ್ಣನಿಗೂ ಕೇಳಿಸಿತು. ದವಡೆ ಅರ್ಧಕ್ಕೇ ಸಿಕ್ಕಿಕೊಂಡು, ನೋವು ಕಿವಿಯಿಂದ ನೆತ್ತಿಗೇರಿತು. ಸರಸಮ್ಮ ಮಾನಸಾ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಗದ್ದವನ್ನು ಹಿಂದಕ್ಕೆಳೆದು, ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ನಿಧಾನವಾಗಿ ಉಸಿರು ಬಿಟ್ಟಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಎಷ್ಟೋ ಹೊತ್ತಿಗೆ ಬಾಯಿ ಸಡಿಲವಾಯಿತು. ಅಡಿಕೆಯನ್ನು ಮಾತ್ರ ಅವಳು ಉಗಿಯಲಿಲ್ಲ.

ರುದ್ರಯ್ಯ ಅಗಿಯುವುದನ್ನು ನಿಲ್ಲಿಸಿದ್ದ.

"ಅವತ್ತೂ ಇಂಗೇ ನೋಯ್ತಿತ್ತೇನವ್ವಾ?"

"ಊಂ ಅಣ್ಣಯ್ಯ."

ಅವನು ಅಂಗೈ ಚಾಚಿದ. "ಉಗಿ ಇಲ್ಲಿ."

ಕೈಗೆ ಬಿದ್ದ ಅಡಿಕೆಯನ್ನು ಅಂಗಳಕ್ಕೆ ಎಸೆದು ಒಳಗೆ ಹೋದ. ಹಲ್ಲು ಬಿದ್ದ ಮೇಲೆ ಅವ್ವ ಎಲೆಅಡಿಕೆ ಕುಟ್ಟಿಕೊಳ್ಳುತ್ತಿದ್ದ ಕುಟ್ಟಾಣಿ ಹುಡುಕಿ ತಂದು, ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಹೊಸ ಎಲೆ, ಹೊಸ ಅಡಿಕೆ ಹಾಕಿ ನುಣ್ಣಗಾಗುವವರೆಗೂ ಕುಟ್ಟಿದ.

"ಧಾರೆ ಎಷ್ಟೊತ್ಗೆ?" ಎಂದು ತಲೆ ಎತ್ತದೆ ಕೇಳಿದ.