ಕಂಬಳಿ ಹೊದ್ದ ಬ್ಯಾಟರಿ

ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ಮೇಲೆ ಪೆಟ್ರೋಲಿನ ಚಿಂತೆ ಹೋಯಿತು, ಚಾರ್ಜಿಂಗಿನ ಚಿಂತೆ ಬಂತು. ನಮ್ಮ ಬೀದಿಯ ಪಾರ್ಸೆಲ್ ಹಂಚುವವನ ಪಾಡೂ ಇದೇ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಗಾಡಿಯಿಂದ ಬ್ಯಾಟರಿ ಬಿಚ್ಚಿ ತಂದು, ಬಾಗಿಲ ಪಕ್ಕದಲ್ಲಿಟ್ಟು ಚಾರ್ಜಿಗೆ ಹಾಕುತ್ತಿದ್ದ. ಅದೇ ಕೋಣೆಯಲ್ಲಿ ಅವನ ತಾಯಿಯ ಮಂಚ. ಸೊಂಟದ ಮೂಳೆ ಮುರಿದ ಮೇಲೆ ಅವರು ತಾವಾಗಿ ಏಳಲಾರರು. ಚಾರ್ಜರಿನ ಗುಂಯ್ ಸದ್ದಿಗೆ ಅವರ ನಿದ್ದೆ ಕೆಡುತ್ತದೆಂದು ಮಗರಾಯ ಬ್ಯಾಟರಿ, ಚಾರ್ಜರ್ ಎರಡರ ಮೇಲೂ ದಪ್ಪ ಕಂಬಳಿ ಹೊದಿಸುತ್ತಿದ್ದ. ಪ್ರೀತಿಯೇನೋ ಸರಿ, ಬುದ್ಧಿ ಮಾತ್ರ ಎಲ್ಲೋ ಮೇಯಲು ಹೋಗಿತ್ತು!

ಒಂದು ದಿನ ಅವನು ಊಟಕ್ಕೆ ಕೂತಿದ್ದಾಗ ಅವನ ಅಕ್ಕ ಬಂದಳು. ಮನೆಗಳಿಗೆ ವೈರಿಂಗ್ ಮಾಡುವುದು ಅವಳ ಕೆಲಸ. ಒಳಗೆ ಕಾಲಿಟ್ಟವಳಿಗೆ ಪ್ಲಾಸ್ಟಿಕ್ ಕಾದ ವಾಸನೆ ಬಡಿಯಿತು. ಓಡಿ ಸ್ವಿಚ್ ಆರಿಸಿ ಕಂಬಳಿ ಎಳೆದಳು. ಚಾರ್ಜರ್ ಮುಟ್ಟಲಾಗದಷ್ಟು ಕಾದಿತ್ತು.

"ಏನೋ ಇದು? ಬಿಸಿ ಹೋಗೋಕೆ ಜಾಗ ಬೇಡ್ವಾ?"

"ಇಷ್ಟು ದಿನ ಏನೂ ಆಗಿಲ್ವಲ್ಲ ಅಕ್ಕಾ. ಸುಮ್ನೆ ಹೆದರಿಸ್ಬೇಡ."

"ಬೀದಿ ಕೊನೇಲಿ ಚಾರ್ಜಿಂಗ್ ಸ್ಟೇಷನ್ ಇದೆಯಲ್ಲ?"

"ಅಲ್ಲಿ ಸಾಲಲ್ಲಿ ನಿಂತ್ರೆ ಅಮ್ಮಂಗೆ ಊಟ ಕೊಡೋರ್ಯಾರು? ಬ್ಯಾಟರಿ ಯಾರಾದ್ರೂ ಹೊತ್ಕೊಂಡು ಹೋದ್ರೆ? ಮನೇಲಾದ್ರೆ ಕಣ್ಮುಂದೆ ಇರುತ್ತೆ."

"ಕಣ್ಮುಂದೆ ಎಲ್ಲಿ ಬಂತು, ಕಂಬಳಿ ಕೆಳಗಿದೆ!" ಎಂದು ತಾಯಿ ಮಂಚದಿಂದಲೇ ಚುಚ್ಚಿದರು.

ಅಕ್ಕ ಮೆಲ್ಲಗೆ ಕೇಳಿದಳು. "ಬಾಗಿಲ ಹತ್ರ ಬೆಂಕಿ ಹತ್ತಿದ್ರೆ ಅಮ್ಮನ್ನ ಯಾವ ಕಡೆಯಿಂದ ಎತ್ಕೊಂಡು ಹೋಗ್ತೀಯ?"

ಅವನು ಬಾಗಿಲು ನೋಡಿದ. ಕಿಟಕಿ ನೋಡಿದ. ಕಿಟಕಿಗೆ ಕಬ್ಬಿಣದ ಸರಳು. ಬೇರೆ ದಾರಿಯೇ ಇರಲಿಲ್ಲ. ಕೈಯ ತುತ್ತು ಕೈಯಲ್ಲೇ ಉಳಿಯಿತು. ಈಗ ಅವನಿಗೆ ನಿಜಕ್ಕೂ ಭಯವಾಯಿತು.

"ಏನ್ಮಾಡ್ಲಿ, ಹೇಳು."

"ಹೊರಗೋಡೇಲಿ, ನೀರು ತಾಗದ ಕಡೆ, ನಾನೇ ಬೇರೆ ಲೈನ್ ಎಳೆದು ಶಾಕ್ ಹೊಡೆಯದ ಹಾಗೆ ಅರ್ಥಿಂಗ್ ಸಮೇತ ಪ್ಲಗ್ ಹಾಕ್ಕೊಡ್ತೀನಿ. ಬ್ಯಾಟರಿ ಗಾಡೀಲೇ ಇರ್ಲಿ, ಬೀಗ ಹಾಕು. ಅಲ್ಲೀವರೆಗೆ ಸ್ಟೇಷನ್ನಿಗೆ ಹೋಗು, ಅಮ್ಮನ ಊಟ ನನಗೆ ಬಿಡು. ಈ ಚಾರ್ಜರನ್ನ ಸರ್ವಿಸ್ ಸೆಂಟರಿನವರು ನೋಡೋವರೆಗೂ ಮುಟ್ಬೇಡ."

"ಸದ್ದಾದ್ರೆ ಆಗ್ಲಿ ಅಂತ ನಾನು ಅವತ್ತೇ ಹೇಳ್ತಿದ್ದೆ," ಎಂದರು ತಾಯಿ. "ನನ್ನನ್ನ ಕೇಳಿದೋರ್ಯಾರು?"

ಬ್ಯಾಟರಿ ತಣ್ಣಗಾದ ಮೇಲೆ ಮಗ ತಾನೇ ಅದನ್ನು ಹೊರಗೆ ಸಾಗಿಸಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಯಲ್ಲಿ ಚಾರ್ಜ್ ಮಾಡುತ್ತೀರೋ, ಸ್ಟೇಷನ್ನಿಗೆ ಹೋಗುತ್ತೀರೋ, ನಿಮ್ಮಿಷ್ಟ. ಮಲಗುವ ಕೋಣೆಯಲ್ಲಿ ಮಾತ್ರ ಬೇಡ, ಬಾಗಿಲ ದಾರಿಯಲ್ಲಿ ಬೇಡ, ಅದರ ಮೇಲೆ ಬಟ್ಟೆ ಮುಚ್ಚುವುದಂತೂ ಬೇಡವೇ ಬೇಡ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ನಿಮ್ಮ ಬ್ಯಾಟರಿ ಈ ಗಳಿಗೆಯಲ್ಲಿ ಬಾಗಿಲ ಬಳಿ ಚಾರ್ಜ್ ಆಗುತ್ತಿದೆಯೇ? ಹಾಗಾದರೆ ಈ ಹಾಳೆ ಕೆಳಗಿಡಿ. ಮೊದಲು ಹೋಗಿ ಸ್ವಿಚ್ ಆರಿಸಿ.