ಕೌದಿಯ ನಾಲ್ಕನೆಯ ಮೂಲೆ

"ಕೀಲಿಕೈ ಕೊಟ್ಟುಬಿಟ್ರೆ ಮತ್ತೆ ಮನೆ ಸಿಗಲ್ಲ ದೊಡ್ಡಮ್ಮ. ಇನ್ನೊಂದು ಸಲ ಯೋಚನೆ ಮಾಡಿ."

ಪುನರ್ವಸತಿ ಕಚೇರಿಯ ಹುಡುಗಿ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತಿದ್ದಳು. ದೊಡ್ಡಮ್ಮ ಬಟ್ಟೆಯ ಗಂಟನ್ನು ಸೊಂಟಕ್ಕೇರಿಸಿಕೊಂಡು, ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ತಾನೇ ಬೆರಳು ಮಡಚಿದಳು.

"ಯೋಚನೆ ಮಾಡಿ ಮಾಡಿ ತಲೆ ಸವೆದಿದೆ. ಈ ಮನೆಗೆ ಏನು ಕಮ್ಮಿ ಹೇಳು? ನಲ್ಲೀಲಿ ಬಿಸಿನೀರು, ಗೋಡೆಗೆ ಹೊಸ ಬಣ್ಣ. ಮಾತಾಡೋಕೆ ಮಾತ್ರ ಆ ಗೋಡೆನೇ ಗತಿ."

"ನಿಮ್ಮವರೆಲ್ಲ ಒಂದೇ ಕಡೆ ಸೇರಿಕೊಂಡ್ರೆ ಈ ಊರಿನವರ ಜೊತೆ ಬೆರೆಯೋದು ಯಾವಾಗ? ಅದಕ್ಕೇ ತಾನೇ ಬೇರೆ ಬೇರೆ ಬಡಾವಣೆಗೆ ಹಂಚಿದ್ದು?"

"ಎದುರುಮನೆಯವರು ಎರಡು ವರ್ಷದಿಂದ ಬಾಗಿಲ ಸಂದಿಯಿಂದಲೇ ನನ್ನ ನೋಡ್ತಾರೆ. ಬೆರೆಯೋಕೆ ಅವರಿಗೂ ಒಂದು ಮಾತು ಹೇಳಿ ಹೋಗು, ಮಗಳೇ."

ಹುಡುಗಿಗೆ ನಗು ಬಂತು, ತಡೆದುಕೊಂಡಳು.

ಯುದ್ಧ ಬಂದಾಗ ದೊಡ್ಡಮ್ಮನ ಬೀದಿಯ ಜನ ಒಂದೇ ಲಾರಿಯಲ್ಲಿ ಗಡಿ ದಾಟಿದ್ದರು. ದಾಟಿದ ಮೇಲೆ ಕಚೇರಿ ಅವರನ್ನು ನಗರದ ನಾಲ್ಕು ದಿಕ್ಕಿಗೆ ಕಳಿಸಿತು. ದಾರಿಯಲ್ಲಿ ಜ್ವರ ಬಂದು ತೀರಿಕೊಂಡ ಮಗನ ಅಂಗಿಗಳು ಅವಳ ಗಂಟಿನಲ್ಲಿ ಉಳಿದವು. ಅವನ್ನು ಕೌದಿ ಮಾಡಿ ಹೊದ್ದುಕೊಳ್ಳಬೇಕು ಎಂಬುದೊಂದೇ ಆಮೇಲೆ ಅವಳು ದೇವರಲ್ಲಿ ಬೇಡಿದ್ದು.

ಅವರ ಬೀದಿಯ ಕೌದಿಯನ್ನು ಒಬ್ಬರೇ ಹೊಲಿಯಲಾಗದು. ನಾಲ್ವರು ನಾಲ್ಕು ಮೂಲೆ ಹಿಡಿದು, ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡು ಕೂತು, ಹೊಲಿಗೆ ಹಾಕುತ್ತ ನಡುವಿಗೆ ಬರಬೇಕು. ದೊಡ್ಡಮ್ಮ ಹಟ ಹಿಡಿದು ಚಳಿಗಾಲವೆಲ್ಲ ಒಬ್ಬಳೇ ಹೊಲಿದಳು. ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಸುಕ್ಕುಗಟ್ಟಿ, ಮಗನ ನೀಲಿ ಅಂಗಿಯ ತುಂಡು ಮುದುಡಿ ಮುಷ್ಟಿಯಂತಾಗಿತ್ತು. ಮೊನ್ನೆ ಕೂತು ಅಷ್ಟನ್ನೂ ಬಿಚ್ಚಿದಳು. ಬಿಚ್ಚುತ್ತಲೇ ಮನೆ ಬಿಡುವ ಮನಸ್ಸೂ ಗಟ್ಟಿಯಾಯಿತು.

"ನಿಮ್ಮ ವಾರಗಿತ್ತಿ ಇರೋದು ಟೈರ್ ಅಂಗಡಿ ಹಿಂದಿನ ಕೋಣೇಲಿ. ಸೋರುತ್ತೆ. ನಾನೇ ನೋಡಿ ಬಂದಿದೀನಿ." ಹುಡುಗಿಯ ದನಿ ತಗ್ಗಿತ್ತು.

"ಸೋರೋ ಕಡೆ ಪಾತ್ರೆ ಇಡ್ತೀವಿ. ದೇವರು ಒಂದೇ ಬೀದೀಲಿ ಇಟ್ಟಿದ್ದವರನ್ನ ಹಂಚಿಬಿಡೋಕೆ ನಾವೇನು ರೇಷನ್ ಅಕ್ಕಿನಾ? ದಾರಿ ಬಿಡಮ್ಮ, ಬಸ್ ತಪ್ಪುತ್ತೆ."

ಹುಡುಗಿ ಪಕ್ಕಕ್ಕೆ ಸರಿದಳು.

ಟೈರ್ ಅಂಗಡಿಯ ಹಿಂದೆ ವಾರಗಿತ್ತಿ ಬಾಗಿಲಲ್ಲೇ ಕಾದಿದ್ದಳು. ಕಚೇರಿ ಕೊಟ್ಟ ಮನೆ ಬಿಟ್ಟು ಮೊದಲು ಇಲ್ಲಿಗೆ ಬಂದವಳು ಅವಳೇ. ಅವಳ ಹಿಂದೆ ಹಳೆಯ ಬೀದಿಯ ಸೂಲಗಿತ್ತಿಯೂ ಬಂದು ಪಕ್ಕದ ಕೋಣೆ ಹಿಡಿದಿದ್ದಳು.

"ಬಂದ್ರಾ ಅಕ್ಕ, ಅರಮನೆ ಬಿಟ್ಟು? ರಬ್ಬರ್ ವಾಸನೆಗೆ ಮೂಗು ಮುಚ್ಕೊಂಡು ಓಡಿಹೋಗಬೇಡಿ ಮತ್ತೆ!"

"ಮೂಗು ಹೋದ್ರೆ ಹೋಗ್ಲಿ. ಕೈ ತೊಳ್ಕೊಂಡು ಬಾ, ಕೂರೋಣ."

ನೆಲದ ಮೇಲೆ ಬಟ್ಟೆ ಹಾಸಿ ಮೂವರೂ ಮೂರು ಮೂಲೆಗೆ ಕೂತರು. ನಾಲ್ಕನೆಯದು ಸಡಿಲವಾಗಿ ಬಿದ್ದಿತ್ತು.

"ನಮ್ಮ ಬೀದಿ ಬಡಗಿ ಹೆಂಡತಿ ಬರೋದು ಅನುಮಾನ," ಎಂದಳು ಸೂಲಗಿತ್ತಿ. "ಮನೆ ಬಿಡೋಕೆ ಗಂಡ ಹೆದರ್ತಾನಂತೆ. ಆ ಮೂಲೇನೂ ನಾನೇ ಹಿಡೀಲಾ?"

"ಯಾರೂ ಮುಟ್ಟಬೇಡಿ. ಅದು ಅವಳದ್ದು."

ದೊಡ್ಡಮ್ಮ ಎದ್ದು ಹೊರಗಿನಿಂದ ಒಂದು ಹಳೆಯ ಟೈರು ಉರುಳಿಸಿಕೊಂಡು ಬಂದಳು. ಧೂಳು ಒರೆಸಿ, ಆ ಮೂಲೆಯನ್ನು ಎಳೆದು ಅದರ ಮೇಲೆ ಟೈರನ್ನು ಹೇರಿದಳು. ಬಟ್ಟೆ ಬಿಗಿಯಾಯಿತು. ನೀಲಿ ತುಂಡು ನಡುವೆ ಒಂದು ಸುಕ್ಕೂ ಇಲ್ಲದೆ ಹರಡಿಕೊಂಡಿತು. ಅವಳು ತನ್ನ ಸೂಜಿಯನ್ನು ಕೈಗೆತ್ತಿಕೊಳ್ಳುವ ಮೊದಲು, ಇನ್ನೊಂದು ಸೂಜಿಗೆ ದಾರ ಪೋಣಿಸಿ ಟೈರಿನ ಪಕ್ಕದಲ್ಲಿ ಬಟ್ಟೆಗೆ ಚುಚ್ಚಿಟ್ಟಳು.